ಕರಿಕೋಟಿಲ್ಲದಿದ್ದರೆ ಅದು ಕಾನೂನಿನ ಕೆಲಸ ಅಲ್ವಾ ಮೇಷ್ಟ್ರೇ?

ಓದುಗರ ಪತ್ರ: ಮಗಳು ಬಿ.ಎ. ಮುಗಿಸಿದ್ದಾಳೆ. ಇಗ್ನೋದಲ್ಲಿ ಪ್ಯಾರಾಲೀಗಲ್ (ವಕೀಲರಲ್ಲದ ಕಾನೂನು ಸಹಾಯಕರ) ಡಿಪ್ಲೊಮಾ ಮಾಡುತ್ತೇನೆ ಅಂತ ಹಟ ಹಿಡಿದಿದ್ದಾಳೆ. ನೆಂಟರೆಲ್ಲ ‘ಮಾಡಿದರೆ ಎಲ್‌ಎಲ್‌ಬಿ ಮಾಡಲಿ, ಇದು ಗುಮಾಸ್ತಿಕೆಗೆ ದಾರಿ’ ಅನ್ನುತ್ತಾರೆ. ನನಗೂ ಹಾಗೇ ಅನಿಸುತ್ತದೆ. ಇದನ್ನು ಓದಿದವರು ಮುಂದೆ ಏನಾಗುತ್ತಾರೆ? ದಯವಿಟ್ಟು ತಿಳಿಸಿ.
ನಿವೃತ್ತ ಶಿಕ್ಷಕ, ಅರಸೀಕೆರೆ

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ನೆಂಟರ ಮಾತಲ್ಲಿ ನಿಜ ಇರುವಷ್ಟನ್ನು ಮೊದಲೇ ಹೇಳಿ ಮುಗಿಸಿಬಿಡುತ್ತೇನೆ. 1961ರ ವಕೀಲರ ಕಾಯ್ದೆ ಪ್ರಕಾರ ವಕೀಲಿ ವೃತ್ತಿ ನಡೆಸುವ ಹಕ್ಕಿರುವುದು ಬಾರ್ ಕೌನ್ಸಿಲ್‌ನಲ್ಲಿ ಹೆಸರು ಬರೆಸಿದವರಿಗೆ ಮಾತ್ರ. ಡಿಪ್ಲೊಮಾ ತೋರಿಸಿ ಜಡ್ಜ್ ಮುಂದೆ ನಿಲ್ಲಲು ಆಗುವುದಿಲ್ಲ. ಮುಂದೆ ಎಲ್‌ಎಲ್‌ಬಿ ಸೇರಿದರೂ ಮೂರು ವರ್ಷ ಮೂರೇ, ಎರಡಾಗುವುದಿಲ್ಲ. ವಾದ ಮಾಡಲೇಬೇಕು ಅನ್ನುವ ಆಸೆ ಹುಡುಗಿಗಿದ್ದರೆ ನೇರವಾಗಿ ಅಲ್ಲಿಗೇ ಹೋಗಲಿ.

ಆಯ್ತಲ್ಲ. ಈಗ ಆ ಗುಮಾಸ್ತಿಕೆ ಅಂತ ಮೂಗು ಮುರಿದಿದ್ದೀರಲ್ಲ, ಅದಕ್ಕೆ ಬರುತ್ತೇನೆ.

ನಮ್ಮ ಮನೆಯ ಜಮೀನಿನ ಕೇಸೊಂದು ತಾಲ್ಲೂಕು ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆಯಿತು. ವಕೀಲರು ಒಳ್ಳೆಯವರೇ, ಆದರೆ ಕೈತುಂಬ ಕೇಸು. ಒಂದು ದಿನ ಅವರ ಗುಮಾಸ್ತರು ಕಾರಿಡಾರಿನ ಕಿಟಕಿ ಹತ್ತಿರ ನಿಂತು ನಮ್ಮ ಪಹಣಿಯ ಮೇಲೆ ಬೆರಳಾಡಿಸುತ್ತಿದ್ದರು. ಒಂಬತ್ತನೇ ಕಾಲಂನಲ್ಲಿ ತಾತನ ಹೆಸರು ಸರಿಯಾಗಿತ್ತು. ಹನ್ನೊಂದನೇ ಕಾಲಂಗೆ ಬಂದಾಗ ಬೆರಳು ನಿಂತಿತು. ‘ಸೊಸೈಟಿ ಸಾಲ ಇನ್ನೂ ಕೂತಿದೆಯಲ್ಲ ಸ್ವಾಮಿ, ತೀರಿಸಿದ ರಸೀದಿ ಎಲ್ಲಿ?’ ಅಂದರು. ಸಾಲ ತೀರಿ ಯಾವ ಕಾಲವಾಗಿತ್ತೋ. ಅದನ್ನು ದಾಖಲೆಯಿಂದ ತೆಗೆಸಬೇಕು ಅಂತ ನಮಗೆ ಹೊಳೆದಿರಲಿಲ್ಲ, ಆ ಹಾಳೆಯನ್ನು ಅಷ್ಟು ಸಲ ತಿರುವಿದ್ದ ವಕೀಲರಿಗೂ ಹೊಳೆದಿರಲಿಲ್ಲ. ಆ ಗುಮಾಸ್ತರು ಓದಿದ್ದು ಎಸ್ಸೆಸ್ಸೆಲ್ಸಿ. ಈ ಕಣ್ಣು ಅವರಿಗೆ ಬಂದದ್ದು ಕೋರ್ಟಿನ ಬೆಂಚಿನ ಮೇಲೆ ವಯಸ್ಸು ಸವೆಸಿ. ನಿಮ್ಮ ಮಗಳು ಒಂದು ವರ್ಷದ ಕೋರ್ಸಿನಲ್ಲಿ ಅದರ ಅಆಇಈ ಕಲಿಯುತ್ತೇನೆ ಅಂತಿದ್ದಾಳೆ. ಬೇಡ ಅನ್ನುತ್ತೀರಾ?

ಏನಾಗುತ್ತಾರೆ ಅಂತ ಕೇಳಿದ್ದೀರಿ. ಬೆಂಗಳೂರಿನಲ್ಲಿ ಬ್ಯಾಂಕಿನ ಮನೆ ಸಾಲಕ್ಕೆ ಲೀಗಲ್ ಒಪಿನಿಯನ್ ಬರೆದುಕೊಡುವ ಯಾವುದಾದರೂ ವಕೀಲರ ಆಫೀಸಿಗೆ ಹೋಗಿ ನೋಡಿ. ಸಹಿ ವಕೀಲರದ್ದು. ಮದರ್ ಡೀಡ್ ಅನ್ನುವ ಹಳೇ ಮೂಲ ಪತ್ರದಿಂದ ಹಿಡಿದು ಇವತ್ತಿನ ಕ್ರಯಪತ್ರದವರೆಗೆ ಎಲ್ಲ ಪತ್ರಗಳನ್ನು ಸಾಲಾಗಿ ಜೋಡಿಸಿ, ಇಸಿಯಲ್ಲಿ (ಆಸ್ತಿಯ ಮೇಲಿನ ವ್ಯವಹಾರ, ಋಣಗಳ ಪಟ್ಟಿ) ಇರುವ ಒಂದೊಂದು ನಮೂದಿಗೂ ಪತ್ರ ಹೊಂದಿಸಿ, ಜಮೀನು ಪೋಡಿ ಆಗಿ ಭಾಗವಾದಮೇಲೆ ಸರ್ವೆ ನಂಬರ್ ಎಲ್ಲಿ ಬದಲಾಯಿತು ಅಂತ ಹಿಡಿದುಕೊಡುವವರು ಬೇರೆ. ದೊಡ್ಡ ಲಾ ಫರ್ಮ್‌ಗಳಲ್ಲಿ ಇ-ಫೈಲಿಂಗ್, ಕೋರ್ಟ್ ಕಚೇರಿ ಎತ್ತುವ ಆಫೀಸ್ ಅಬ್ಜೆಕ್ಷನ್ ಸರಿಪಡಿಸುವುದು, ಸರ್ಟಿಫೈಡ್ ಕಾಪಿ ತರಿಸುವುದು, ಇದಕ್ಕೆಲ್ಲ ಜನ ಬೇಕು. ಕಂಪನಿಗಳಲ್ಲಿ ಯಾವ ಕರಾರು ಯಾವಾಗ ಮುಗಿಯುತ್ತದೆ, ಸ್ಟ್ಯಾಂಪ್ ಡ್ಯೂಟಿ ಸರಿಯಾಗಿ ಕಟ್ಟಿದೆಯಾ ಅಂತ ನೋಡಿಕೊಳ್ಳುವ ಕೆಲಸ ಇದೆ. ಅಮೆರಿಕದ ವಕೀಲರಿಗೆ ಇಲ್ಲಿಂದ ದಾಖಲೆ ಪರಿಶೀಲಿಸಿ ಕೊಡುವ ಕಂಪನಿಗಳೂ ಇವೆ, ಆದರೆ ಅಲ್ಲಿ ಜಾಸ್ತಿ ಕೇಳುವುದು ಕಾನೂನು ಪದವೀಧರರನ್ನೇ, ಸುಳ್ಳು ಆಸೆ ಹುಟ್ಟಿಸುವುದಿಲ್ಲ.

ಇನ್ನು ಹೊರಗಿನ ಕತೆ. ಕೆನಡಾದ ಒಂಟಾರಿಯೊದಲ್ಲಿ 2007ರಿಂದ ಪ್ಯಾರಾಲೀಗಲ್‌ಗಳಿಗೆ ಲೈಸೆನ್ಸ್ ಇದೆ. ವಕೀಲರಿಗೆ ಲೈಸೆನ್ಸ್ ಕೊಡುವ ಲಾ ಸೊಸೈಟಿಯೇ ಇವರಿಗೂ ಕೊಡುತ್ತದೆ. ಸಣ್ಣ ಮೊತ್ತದ ದಾವೆ, ಬಾಡಿಗೆ ತಕರಾರು, ಟ್ರಾಫಿಕ್ ದಂಡ, ಇಂಥ ಕಡೆ ಅವರೇ ಎದ್ದು ನಿಂತು ವಾದಿಸುತ್ತಾರೆ, ಬೇಕಾದರೆ ಸ್ವಂತ ಬೋರ್ಡ್ ಹಾಕುತ್ತಾರೆ. ಅದು ಶ್ರೀಮಂತ ದೇಶ ಅಂತೀರಾ? ಸಿಯೆರಾ ಲಿಯೋನ್ ನೋಡಿ. ಅಂತರ್ಯುದ್ಧ ಮುಗಿದಾಗ ಇಡೀ ದೇಶಕ್ಕೆ ನೂರರ ಆಸುಪಾಸು ವಕೀಲರು, ಅವರಲ್ಲಿ ಬಹುತೇಕರು ರಾಜಧಾನಿ ಫ್ರೀಟೌನ್‌ನಲ್ಲೇ. 2003ರಲ್ಲಿ ಟಿಮಾಪ್ ಫಾರ್ ಜಸ್ಟಿಸ್ ಅನ್ನುವ ಸಂಸ್ಥೆ ಊರಿನವರಿಗೇ ಕಾನೂನು ಕಲಿಸಿ ಹಳ್ಳಿಗಳಲ್ಲಿ ಕೂರಿಸಿತು. 2012ರಲ್ಲಿ ಸರ್ಕಾರ ಕಾಯ್ದೆ ಮಾಡಿ ಅವರಿಗೆ ಮಾನ್ಯತೆ ಕೊಟ್ಟಿತು. ಅಷ್ಟು ಬಡ ದೇಶಕ್ಕೆ ಹೊಳೆದದ್ದು ನಮಗೆ ಹೊಳೆಯಲಿಲ್ಲ.

ಅಲ್ಲ, ಅರ್ಧ ಹೊಳೆಯಿತು. 2009ರಲ್ಲಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ಪ್ಯಾರಾಲೀಗಲ್ ವಾಲಂಟಿಯರ್ ಯೋಜನೆ ತಂದಿತು, ಕೋರ್ಟ್ ಕಡೆ ಎಲ್ಲರೂ ಪಿಎಲ್‌ವಿ ಅನ್ನುತ್ತಾರೆ. ನಮ್ಮ ಓದುಗರಲ್ಲೇ ಒಬ್ಬ ಹೆಣ್ಣುಮಗಳು ಪಿಎಲ್‌ವಿ ಆಗಿ ಜೈಲಿಗೆ ಹೋಗಿಬರುತ್ತಾರೆ. ಹೋದ ವರ್ಷ ನಮ್ಮ ಆಫೀಸಿಗೆ ಬಂದಾಗ ಅವರ ಬ್ಯಾಗಿನಲ್ಲಿ ಗೆರೆ ಎಳೆದ ಒಂದು ನೋಟ್‌ಬುಕ್ ಇತ್ತು. ಪುಟಕ್ಕೊಬ್ಬ ಕೈದಿ: ಯಾವ ಸೆಕ್ಷನ್, ಗರಿಷ್ಠ ಶಿಕ್ಷೆ ಎಷ್ಟು, ಒಳಗೆ ಬಂದ ತಾರೀಖು. 2024ರ ಜುಲೈಯಲ್ಲಿ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ (ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದದ್ದು) 479ನೇ ಕಲಂ ಪ್ರಕಾರ, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆ ಆಗಿರದವರು ವಿಚಾರಣೆ ಮುಗಿಯದೆ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗಿದ್ದರೆ ಬಿಡುಗಡೆಗೆ ದಾರಿ ಇದೆ. ಕೊಲೆಯಂಥ ದೊಡ್ಡ ಅಪರಾಧಕ್ಕೆ ಇದು ಇಲ್ಲ, ಬೇರೆ ಕೇಸು ಬಾಕಿ ಇದ್ದರೂ ಇಲ್ಲ. ಯಾರದು ಆ ಗಡಿ ದಾಟಿತು ಅಂತ ಈಕೆ ಲೆಕ್ಕ ಇಡುತ್ತಾರೆ. 1979ರಲ್ಲಿ ಸುಪ್ರೀಂ ಕೋರ್ಟಿಗೆ ಬಂದ ಹುಸೇನಾರಾ ಖಾತೂನ್ ಪ್ರಕರಣದಲ್ಲಿ ಬಿಹಾರದ ಜೈಲುಗಳಲ್ಲಿ ಸಿಕ್ಕಿದ್ದು ಇದೇ ಅಲ್ವಾ, ತಪ್ಪು ಸಾಬೀತಾಗಿದ್ದರೂ ಅಷ್ಟು ಶಿಕ್ಷೆ ಆಗುತ್ತಿರಲಿಲ್ಲ, ಅದಕ್ಕಿಂತ ಜಾಸ್ತಿ ಕಾಲ ಜನ ಸುಮ್ನೆ ಒಳಗೆ ಕೊಳೆಯುತ್ತಿದ್ದರು. ಲೆಕ್ಕ ಇಡುವವರು ಇರಲಿಲ್ಲ.

ಇಂಥ ಕೆಲಸಕ್ಕೆ ಕೊಡುವುದೇನು? ಗೌರವಧನ. ಹೋದ ದಿನಕ್ಕೆ ಮಾತ್ರ. ಸಂಬಳ ಇಲ್ಲ, ಪಿಎಫ್ ಇಲ್ಲ, ನಾಳೆ ಇರುತ್ತದೋ ಇಲ್ಲವೋ ಗೊತ್ತಿಲ್ಲ. ಆಶಾ ಕಾರ್ಯಕರ್ತೆಯರನ್ನೂ ಅಂಗನವಾಡಿಯವರನ್ನೂ ಹೀಗೇ ನಡೆಸಿಕೊಂಡು ಬಂದಿದ್ದೇವೆ. ಸೇವೆ ಅಂತ ಹೆಸರಿಟ್ಟುಬಿಟ್ಟರೆ ಖಜಾನೆಗೆ ನೆಮ್ಮದಿ. ವಿಶ್ವವಿದ್ಯಾಲಯಗಳೂ ಕಮ್ಮಿ ಇಲ್ಲ, ಕೋರ್ಸ್ ತೆರೆಯುತ್ತವೆ, ಫೀ ತಗೊಳ್ಳುತ್ತವೆ, ಸರ್ಟಿಫಿಕೇಟ್ ಕೈಗಿಟ್ಟು ಬಾಗಿಲು ಹಾಕಿಕೊಳ್ಳುತ್ತವೆ. ಪ್ರತಿ ತಾಲ್ಲೂಕು ಕೋರ್ಟಿಗೆ ಇಬ್ಬರು ಡಿಪ್ಲೊಮಾದವರನ್ನು ಸಂಬಳ ಕೊಟ್ಟು ಕೂರಿಸಿದರೆ ಯಾರ ಗಂಟು ಹೋಗುತ್ತದೆ? ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ ಅಂತ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂನಲ್ಲೇ ಇದೆ. ನಿಮ್ಮ ಬೀದಿಯಲ್ಲಿ ಎಷ್ಟು ಜನಕ್ಕೆ ಗೊತ್ತು, ಕೇಳಿ ನೋಡಿ. ಹೈಕೋರ್ಟಿನ ತೀರ್ಪು ಇಂಗ್ಲಿಷಿನಲ್ಲಿ ಬರುತ್ತದೆ, ಗೆದ್ದವನೂ ಸೋತವನೂ ಅದನ್ನು ಓದಿ ಹೇಳುವವರನ್ನು ಹುಡುಕಿಕೊಂಡು ಅಲೆಯುತ್ತಾರೆ.

ಜೀವಮಾನವಿಡೀ ಮಕ್ಕಳಿಗೆ ಓದು ಕಲಿಸಿದವರು ನೀವು, ಕಾಗದ ಓದಲು ಬರದವರ ಪಾಡು ನಿಮಗೆ ನಾನು ಹೇಳಬೇಕಾ? ನೆಂಟರ ಮಾತಿಗೆ ನೀವೂ ತಲೆಯಾಡಿಸಿದ್ದು ನನಗೆ ಬೇಜಾರಾಯಿತು, ಇರಲಿ.

ಫೀ ಕಟ್ಟುವ ಮೊದಲು ಮಗಳನ್ನು ನಿಮ್ಮ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕರೆದುಕೊಂಡು ಹೋಗಿ, ಪಿಎಲ್‌ವಿ ಅರ್ಜಿ ಯಾವಾಗ ಕರೆಯುತ್ತಾರೆ ಕೇಳಿ. ಪರಿಚಯದ ವಕೀಲರಿದ್ದರೆ ಈಗಿನಿಂದಲೇ ಅವರ ಆಫೀಸಿನಲ್ಲಿ ಕೂರಲಿ, ಕೋರ್ಸ್ ಜೊತೆಗೇ ಕೆಲಸ ಕಲಿಯಬಹುದು. ಕನ್ನಡ ಟೈಪಿಂಗ್ ಚೆನ್ನಾಗಿ ಬರಬೇಕು, ಇಂಗ್ಲಿಷ್ ಪತ್ರ ಓದಿದರೆ ತಿಳಿಯಬೇಕು. ಮೊದಲ ಕೆಲಸಕ್ಕೆ ಸರ್ಟಿಫಿಕೇಟಿಗಿಂತ ಮುಂಚೆ ಈ ಎರಡನ್ನೇ ನೋಡುತ್ತಾರೆ.