ಅಕ್ಕಾ ಬಂದರಿನ ಬಗ್ಗೆ ನಿಮ್ಮ ಲೇಖನ: ಎರಡು ಮಾತು

ನಮಸ್ಕಾರ.

ಮೆಡಿಟರೇನಿಯನ್ ದಂಡೆಯ ಅಕ್ಕಾ ಬಂದರಿನ ಮೊದಲ ಮುಸ್ಲಿಂ ಆಳ್ವಿಕೆಯ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ.

ಮೊದಲ ಮೂರು ಪುಟ ಬರೀ ಕತ್ತಿ, ಕುದುರೆ, ರಕ್ತ. 630ರ ದಶಕದಲ್ಲಿ ಅರಬ್ ಸೇನೆ ಊರು ಗೆದ್ದದ್ದನ್ನು ಕಣ್ಣಾರೆ ಕಂಡವರಂತೆ ಬರೆದಿದ್ದೀರಿ, ಅದೂ ಮಾತುಕತೆ ಸಮೇತ. ನೀವು ನೆಚ್ಚಿಕೊಂಡಿರುವ ಇತಿಹಾಸಕಾರ ಬಲಾಧುರಿ ಬರೆದದ್ದೇ ಇನ್ನೂರು ವರ್ಷ ಕಳೆದ ಮೇಲೆ. ಆತ ಆ ಗೆಲುವಿಗೆ ಕೊಟ್ಟದ್ದೂ ಕೆಲವೇ ಸಾಲು. ಹಾಗಿದ್ದರೆ ಆ ಮಾತುಕತೆ ನಿಮಗೆ ಎಲ್ಲಿ ಸಿಕ್ಕಿತು? ಅದನ್ನೆಲ್ಲ ತೆಗೆಯಿರಿ.

ಈ ಊರಿನ ಕಥೆ ಇರುವುದು ಬಡಗಿಗಳಲ್ಲಿ, ಕಲ್ಲುಕುಟಿಗರಲ್ಲಿ. ಆಗ ಸಿರಿಯಾದ ರಾಜ್ಯಪಾಲರಾಗಿದ್ದ ಮುಆವಿಯಾ ಬಗ್ಗೆ ‘ಮುಆವಿಯಾ ಹಡಗು ಕಟ್ಟಿಸಿದರು’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಸುಮಾರು 649ರಲ್ಲಿ ಸೈಪ್ರಸ್ ಮೇಲೆ ಹೋದ ಹಡಗುಗಳು ಹೊರಟದ್ದು ಇಲ್ಲಿಂದಲೇ ಅಲ್ವಾ? ಖಲೀಫ ಉಮರ್ ಸಮುದ್ರಯಾನಕ್ಕೆ ಒಪ್ಪಿರಲಿಲ್ಲ. ಆಮೇಲೆ ಉಸ್ಮಾನ್ ಒಪ್ಪಿದರು, ಆದರೆ ಒಂದು ಷರತ್ತು: ಮುಆವಿಯಾ ತಮ್ಮ ಹೆಂಡತಿಯನ್ನೂ ಹಡಗು ಹತ್ತಿಸಿಕೊಂಡು ಹೋಗಬೇಕು! ಇನ್ನು ಖಲೀಫ ಹಿಶಾಂ ಕಥೆ. ಊರಿನ ಹಿಟ್ಟಿನ ಗಿರಣಿಗಳನ್ನು ಕೊಳ್ಳಲು ಕೇಳಿದರು, ಒಡೆಯ ಮಾರಲ್ಲ ಅಂದ. ಖಲೀಫರು ಹಡಗು ಕಟ್ಟುವ ಕೆಲಸವನ್ನೇ ಟೈರ್ ಪಟ್ಟಣಕ್ಕೆ ಒಯ್ದರು. ಬಲಾಧುರಿ ಹೇಳುವ ಇಂಥ ಸಂಗತಿಗಳನ್ನು ಅಡಿಟಿಪ್ಪಣಿಗೆ ತಳ್ಳಿದ್ದೀರಲ್ಲ ಮಾರಾಯ್ರೇ.

ಲೇಖನ ಶುರುವಾಗಬೇಕಾದ ಜಾಗ ನಿಮ್ಮ ಏಳನೇ ಪುಟದಲ್ಲಿದೆ. 9ನೇ ಶತಮಾನದಲ್ಲಿ ಈಜಿಪ್ಟನ್ನು ಆಳುತ್ತಿದ್ದ ಇಬ್ನ್ ತುಲೂನ್‌ಗೆ ಟೈರ್‌ನಲ್ಲಿರುವಂಥ ಬಂದರು ಅಕ್ಕಾದಲ್ಲೂ ಬೇಕಿತ್ತು. ನೀರಿನಲ್ಲಿ ಗೋಡೆ ಕಟ್ಟುವುದು ಈಗ ಯಾರಿಗೂ ಬರುವುದಿಲ್ಲ ಅಂದರು ಕೆಲಸಗಾರರು. ಜೆರುಸಲೇಮಿನಿಂದ ಅಬೂಬಕರ್ ಎಂಬ ಮೇಸ್ತ್ರಿಯನ್ನು ಕರೆಸಿದರು. ಆತ ಅತ್ತಿ ಜಾತಿಯ ಮರದ ದಪ್ಪ ದಿಮ್ಮಿಗಳನ್ನು ನೀರಿನ ಮೇಲೆ ತೇಲಿಬಿಟ್ಟು, ಒಂದಕ್ಕೊಂದು ಬಿಗಿದು, ಅದರ ಮೇಲೇ ಕಲ್ಲು ಕಟ್ಟುತ್ತಾ ಹೋದ. ಕಲ್ಲಿನ ಪ್ರತಿ ಐದು ಸಾಲಿಗೆ ದೊಡ್ಡ ಕಂಬಗಳನ್ನು ಅಡ್ಡ ಕೊಟ್ಟ. ಭಾರ ಹೆಚ್ಚಿದಂತೆ ದಿಮ್ಮಿಗಳು ಮುಳುಗಿದವು. ಮರಳಿನ ಮೇಲೆ ಕೂತ ನಂತರ ಒಂದು ವರ್ಷ ಸುಮ್ನೆ ಬಿಟ್ಟ. ಆಮೇಲೆ ಕೆಲಸ ಮುಂದುವರಿಸಿದ. ಸಿಕ್ಕ ಸಂಬಳ ಸಾವಿರ ದಿನಾರ್, ಜೊತೆಗೆ ಕುದುರೆ, ಉಡುಗೊರೆ. ರಾತ್ರಿ ಹಡಗುಗಳು ಒಳಗೆ ಬಂದ ಮೇಲೆ ಬಂದರಿನ ಬಾಯಿಗೆ ಸರಪಳಿ ಎಳೆಯುತ್ತಿದ್ದರು.

ಇದನ್ನೆಲ್ಲ ಬರೆದಿಟ್ಟ ಭೂಗೋಳಕಾರ ಅಲ್ ಮುಖದ್ದಸಿ ಆ ಮೇಸ್ತ್ರಿಯ ಮೊಮ್ಮಗ. ಅದನ್ನು ನೀವು ಹೇಳಿಯೇ ಇಲ್ಲ! ಅಜ್ಜನ ಬಗ್ಗೆ ಮೊಮ್ಮಗ ಸ್ವಲ್ಪ ಜಾಸ್ತಿ ಹೇಳಿರಬಹುದು. ಆ ಅನುಮಾನವನ್ನೂ ಬರೆಯಿರಿ.

ಯುರೋಪಿನ ಕ್ರೈಸ್ತರು ನಡೆಸಿದ ಧರ್ಮಯುದ್ಧದ, ಅಂದರೆ ಕ್ರುಸೇಡಿನ ಭಾಗ ಬೇಡ. ಅವರು ಊರು ಹಿಡಿದದ್ದು 1104ರಲ್ಲಿ, ನಿಮ್ಮ ವಿಷಯ ಅಷ್ಟು ದೂರ ಹೋಗುವುದಿಲ್ಲ. ಅರ್ಧಕ್ಕೆ ಇಳಿಸಿ ಮತ್ತೆ ಕಳಿಸಿ, ಖಂಡಿತ ಓದುತ್ತೇನೆ.

ಸಂಪಾದಕ