ನಿರೀಕ್ಷಣೆ ಸಾಕಂತೆ ಅಜ್ಜ

"ನೀವು ಕೇರಳದವರಲ್ವಾ? ಅಲ್ಲಿಯ ಸರ್ಕಾರಿ ಆಸ್ಪತ್ರೆಗಳು ಚೆನ್ನಾಗಿವೆ ಅಂತಾರೆ. ಮತ್ತೆ ಯಾಕೆ ಎಲ್ಲದಕ್ಕೂ ಮಂಗಳೂರಿಗೆ ಓಡ್ತೀರಿ?" ಅಂತ ಕೇಳಿದ್ದೀರಿ. ಬೆಂಗಳೂರಿನ ಕಡೆಯವರು ಕಾಸರಗೋಡಿನವರಿಗೆ ಕೇಳುವ ಎರಡನೇ ಪ್ರಶ್ನೆ ಇದು. ಮೊದಲನೆಯದು "ನಿಮಗೆ ಇಷ್ಟು ಚೆನ್ನಾಗಿ ಕನ್ನಡ ಹೇಗೆ ಬರುತ್ತೆ?" ಅದಕ್ಕೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಎರಡನೆಯದಕ್ಕೆ ನಮ್ಮ ದೊಡ್ಡಪ್ಪನ ಕಥೆ ಹೇಳುತ್ತೇನೆ.

ದೊಡ್ಡಪ್ಪನಿಗೆ 71 ವರ್ಷ. ಅವರು ಹುಟ್ಟುವಾಗ ನಮ್ಮ ಊರು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿತು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಮಲಯಾಳ ಅಂದರೆ ಅಡಿಕೆ ಮಾರುವಷ್ಟು, ಬಸ್ಸಿನಲ್ಲಿ ಜಗಳ ಆಡುವಷ್ಟು ಬರುತ್ತದೆ. ಓದಲು ಬರುವುದಿಲ್ಲ.

ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳಬೇಕಾಗಿ ಬಂತು. ರಕ್ತ ಪರೀಕ್ಷೆ ಮಾಡಿಸಿದಾಗ, ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯಿಂದ ಬರುವ ಪ್ರೋಟೀನಾದ ಪಿಎಸ್‌ಎ 8.2 ಇತ್ತು. ಲ್ಯಾಬಿನ ಚೀಟಿಯಲ್ಲಿ 4ರ ಒಳಗೆ ಇರಬೇಕು ಅಂತ ಇರುತ್ತದೆ. ಅಷ್ಟಕ್ಕೇ ಕ್ಯಾನ್ಸರ್ ಅಂತ ಹೇಳಲು ಆಗುವುದಿಲ್ಲ. ವಯಸ್ಸಾದ ಹಾಗೆ ಪ್ರಾಸ್ಟೇಟ್ ಗ್ರಂಥಿ ಸುಮ್ನೆ ದೊಡ್ಡದಾದರೂ, ಅಲ್ಲಿ ಸೋಂಕು ಆದರೂ ಈ ಸಂಖ್ಯೆ ಏರುತ್ತದೆ. ರಾತ್ರಿ ಏಳುವುದಕ್ಕೂ ಹೆಚ್ಚಾಗಿ ಈ ಊತವೇ ಕಾರಣ, ಕ್ಯಾನ್ಸರ್ ಅಲ್ಲ. ಆದರೂ ಎಂಆರ್‌ಐ ಮಾಡಿಸಿದರು, ಬಯಾಪ್ಸಿಗೆ ಹನ್ನೆರಡು ಚೂರು ತೆಗೆದರು. ಎರಡರಲ್ಲಿ ಕ್ಯಾನ್ಸರ್ ಕಾಣಿಸಿತು. ಕ್ಯಾನ್ಸರ್ ಎಷ್ಟು ಚುರುಕು ಅಂತ ಹತ್ತರವರೆಗೆ ಅಂಕ ಕೊಡುವ ಗ್ಲೀಸನ್ ಲೆಕ್ಕದಲ್ಲಿ 3+3=6.

ಇಷ್ಟೆಲ್ಲ ಆದದ್ದು ಕೇರಳದ ಒಂದು ಆಸ್ಪತ್ರೆಯಲ್ಲೇ. ಡಾಕ್ಟರು ಒಳ್ಳೆಯವರು, ಹೇಳಿದ್ದೂ ಸರಿಯಾಗಿಯೇ. ಮಾತು ದಾಟಿಸಲು ಜೊತೆಗೆ ಹೋದವಳು ಮೊಮ್ಮಗಳು, ಅವಳು ಓದಿದ್ದು ಮಲಯಾಳದಲ್ಲಿ. ಡಾಕ್ಟರು "ಇಪ್ಪೋಳ್ ನಿರೀಕ್ಷಣಂ ಮತಿ" ಅಂದರು. ಅವಳು ತಿರುಗಿ "ನಿರೀಕ್ಷಣೆ ಸಾಕಂತೆ ಅಜ್ಜ" ಅಂದಳು.

ಮಲಯಾಳದಲ್ಲಿ ನಿರೀಕ್ಷಣಂ ಅಂದರೆ ಕಣ್ಣಿಟ್ಟು ನೋಡುತ್ತಿರುವುದು. ನಮಗೆ ನಿರೀಕ್ಷೆ ಅಂದರೆ ಕಾಯುವುದು. ದೊಡ್ಡಪ್ಪನಿಗೆ ಕೇಳಿಸಿದ್ದು ಇಷ್ಟು: ಔಷಧ ಇಲ್ಲ, ಇನ್ನು ಕಾಯುವುದು ಮಾತ್ರ. ಸಾಲದ್ದಕ್ಕೆ ಹತ್ತರಲ್ಲಿ ಆರು. ಅರ್ಧಕ್ಕಿಂತ ಜಾಸ್ತಿ ಹೋಗಿದೆ ಅಂತ ಲೆಕ್ಕ ಹಾಕಿದರು. ಮನೆಗೆ ಬಂದು ಜಾಗದ ದಾಖಲೆ, ಬ್ಯಾಂಕಿನ ಪುಸ್ತಕ, ರೇಷನ್ ಕಾರ್ಡು ಎಲ್ಲ ಒಂದು ಚೀಲಕ್ಕೆ ಹಾಕಿ ದೊಡ್ಡಮ್ಮನ ಕೈಗೆ ಕೊಟ್ಟರು. ಹತ್ತು ದಿನ ಯಾರ ಹತ್ತಿರವೂ ಮಾತಿಲ್ಲ.

ಆಮೇಲೆ ನಾನು ಮಂಗಳೂರಿಗೆ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರು ತುಳುವಿನವರು. ಅದೇ ಕಾಗದ ನೋಡಿದರು, ಹೇಳಿದ್ದೂ ಅದನ್ನೇ. ಆದರೆ ಅರ್ಧ ಗಂಟೆ ಹೇಳಿದರು.

ಗ್ಲೀಸನ್ ಅನ್ನುವುದು ಅಮೆರಿಕದ ಡಾಕ್ಟರೊಬ್ಬರು 1960ರ ದಶಕದಲ್ಲಿ ಮಾಡಿದ ಲೆಕ್ಕ. ಸೂಕ್ಷ್ಮದರ್ಶಕದಲ್ಲಿ ಜೀವಕೋಶಗಳ ಜೋಡಣೆ ಎಷ್ಟು ಕೆಟ್ಟಿದೆ ಅಂತ ನೋಡಿ, ಹೆಚ್ಚು ಜಾಗದಲ್ಲಿ ಕಾಣುವುದಕ್ಕೆ ಮೊದಲ ಅಂಕ, ಉಳಿದದ್ದಕ್ಕೆ ಎರಡನೇ ಅಂಕ ಕೊಟ್ಟು ಕೂಡಿಸುತ್ತಾರೆ. ಈಗ ಬಯಾಪ್ಸಿಯಲ್ಲಿ 6ಕ್ಕಿಂತ ಕೆಳಗೆ ಬರೆಯುವುದೇ ಇಲ್ಲ ಅನ್ನಬಹುದು. ಅಂದರೆ ಆರು ಅನ್ನುವುದು ಏಣಿಯ ನಡು ಅಲ್ಲ, ಮೊದಲ ಮೆಟ್ಟಿಲು. 3+4 ಮತ್ತು 4+3 ಎರಡೂ ಏಳೇ ಆದರೂ ಎರಡನೆಯದು ಜಾಸ್ತಿ ಕೆಟ್ಟದ್ದು. ಈ ಗೊಂದಲಕ್ಕೇ ಈಗ 1ರಿಂದ 5ರ ತನಕ ಗುಂಪು ಮಾಡಿ ಬರೆಯುತ್ತಾರೆ. ದೊಡ್ಡಪ್ಪನದು ಗುಂಪು 1. ರಿಪೋರ್ಟಿನಲ್ಲಿ ಅದೂ ಇತ್ತು, ನಮ್ಮ ಕಣ್ಣಿಗೆ ಬಿದ್ದದ್ದು ಆರು ಮಾತ್ರ.

ಕಣ್ಣಿಟ್ಟು ನೋಡುವುದು ಅಂದರೆ ಕೈಬಿಡುವುದಲ್ಲ. ಆರು ತಿಂಗಳಿಗೊಮ್ಮೆ ಪಿಎಸ್‌ಎ, ನಡುನಡುವೆ ಗುದದ್ವಾರದಲ್ಲಿ ಬೆರಳಿಟ್ಟು ಗ್ರಂಥಿ ಮುಟ್ಟಿ ನೋಡುವ ಪರೀಕ್ಷೆ, ಎಂಆರ್‌ಐ, ಬೇಕಾದಾಗ ಮತ್ತೆ ಬಯಾಪ್ಸಿ. ರೋಗ ಚುರುಕಾಯಿತು ಅಂತ ಕಂಡರೆ ಆಗ ಆಪರೇಷನ್ನೋ ರೇಡಿಯೇಷನ್ನೋ. ಬ್ರಿಟನ್ನಿನಲ್ಲಿ 1643 ಗಂಡಸರನ್ನು ಮೂರು ಗುಂಪು ಮಾಡಿದ್ದರು: ನೋಡುತ್ತಾ ಇರುವುದು, ಆಪರೇಷನ್, ರೇಡಿಯೇಷನ್. 15 ವರ್ಷದ ಫಲ 2023ರಲ್ಲಿ ಬಂತು. ಮೂರರಲ್ಲೂ ಈ ರೋಗದಿಂದ ತೀರಿಕೊಂಡವರು ನೂರಕ್ಕೆ ಮೂರರ ಆಸುಪಾಸು. ಆದರೆ ಬೇರೆ ಕಡೆಗೆ ಹರಡಿದ್ದು ನೋಡುತ್ತಾ ಇದ್ದವರಲ್ಲಿ ಸುಮಾರು ದುಪ್ಪಟ್ಟು. ಡಾಕ್ಟರು ಇದನ್ನೂ ಮುಚ್ಚಿಡಲಿಲ್ಲ.

ಆಪರೇಷನ್ ಆದರೆ ಮೂತ್ರ ಹನಿಯಬಹುದು, ಗಂಡಸುತನಕ್ಕೆ ತೊಂದರೆ ಆಗಬಹುದು. ರೇಡಿಯೇಷನ್ ಆದರೆ ಹೊಟ್ಟೆ ಕೆಡುವುದು, ಮಲದಲ್ಲಿ ರಕ್ತ ಕಾಣುವುದು ಇರಬಹುದು. ಇದನ್ನು ಹೇಳುವಾಗ ದೊಡ್ಡಪ್ಪ ನನ್ನ ಮುಖ ನೋಡಿದರು. ಡಾಕ್ಟರು "ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ" ಅಂದರು. ಕೂತೆ. ಒಳಗೆ ಏನು ಕೇಳಿದರೋ ಗೊತ್ತಿಲ್ಲ. ಮೊಮ್ಮಗಳ ಬಾಯಿಂದ ಕೇಳಿಸಲು ಆಗದ್ದನ್ನು ಕೇಳಿರಬೇಕು. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ.

ದೂರದ ಲೆಕ್ಕವೂ ಇದೆ ಅನ್ನಿ. ಕಾಸರಗೋಡಿನಿಂದ ಮಂಗಳೂರು ಸುಮಾರು 50 ಕಿ.ಮೀ. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ 100ಕ್ಕಿಂತ ಜಾಸ್ತಿ, ತಿರುವನಂತಪುರದ ಕ್ಯಾನ್ಸರ್ ಆಸ್ಪತ್ರೆ ಆರ್‌ಸಿಸಿ 550ಕ್ಕಿಂತ ಜಾಸ್ತಿ. ರೇಡಿಯೇಷನ್ ಈಗ ಹಲವು ಕಡೆ 20 ಸಲ, ವಾರಕ್ಕೆ ಐದು ದಿನದಂತೆ ನಾಲ್ಕು ವಾರ. ದಿನಾ ಹೋಗಿ ಬರಬಹುದಾದ ಊರು ಯಾವುದು ಅನ್ನುವುದರ ಮೇಲೆ ಚಿಕಿತ್ಸೆಯೇ ಬದಲಾಗುತ್ತದೆ. ನಮ್ಮ ನೆರೆಯವರೊಬ್ಬರಿಗೆ ಗೊತ್ತಾಗುವಾಗಲೇ ಮೂಳೆಗೆ ಇಳಿದಿತ್ತು, ಬೆನ್ನು ನೋವು ಅಂತ ಎಣ್ಣೆ ತಿಕ್ಕುತ್ತಾ ವರ್ಷ ಕಳೆದಿದ್ದರು. ಅವರಿಗೆ ಗಂಡು ಹಾರ್ಮೋನ್ ತಗ್ಗಿಸಲು ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್, ಇಲ್ಲವೇ ಒಮ್ಮೆಗೇ ಬೀಜ (ವೃಷಣ) ತೆಗೆಯುವ ಸಣ್ಣ ಆಪರೇಷನ್ ಅಂದರು. ಅವರು ಆಪರೇಷನ್ ಆರಿಸಿಕೊಂಡರು. ಒಂದು ಸಲ ಗಡಿ ದಾಟಿದರೆ ಮುಗಿಯಿತು ಅಂತ.

ಗಡಿ ಅಂದರೆ ನಿಮಗೆ ತಮಾಷೆ ಅನಿಸಬಹುದು, ಬಸ್ಸಿನಲ್ಲಿ ಕೂತರೆ ತಲಪಾಡಿ ದಾಟಿದ್ದು ತಿಳಿಯುವುದಿಲ್ಲ. ಆದರೆ 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಕರ್ನಾಟಕದವರು ಅಲ್ಲಿ ದಾರಿ ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದರು. ಆಂಬುಲೆನ್ಸುಗಳು ವಾಪಸಾದವು. ವಿಷಯ ಕೇರಳ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಅಂದಿನಿಂದ ನಮ್ಮ ಕಡೆಯವರು ಫೈಲಿನ ಒಂದು ಜೆರಾಕ್ಸ್ ಕೇರಳದ ಡಾಕ್ಟರ ಹತ್ತಿರವೂ ಇರಲಿ ಅನ್ನುತ್ತಾರೆ. ಕೇರಳದ ಆರೋಗ್ಯ ವಿಮೆ ಕಾರ್ಡು ಮಂಗಳೂರಿನ ಯಾವ ಆಸ್ಪತ್ರೆಯಲ್ಲಿ, ಯಾವ ಚಿಕಿತ್ಸೆಗೆ ನಡೆಯುತ್ತದೆ ಅಂತ ಅಡ್ಮಿಟ್ ಆಗುವ ಮೊದಲೇ ಕೇಳಬೇಕು. ಆಮೇಲೆ ಕೇಳಿದರೆ ಉಪಯೋಗ ಇಲ್ಲ.

ಮನೆಯಲ್ಲಿ ಎಲ್ಲರೂ "ಕ್ಯಾನ್ಸರನ್ನು ಒಳಗೇ ಇಟ್ಟುಕೊಳ್ಳುವುದಾ, ತೆಗೆಸಿಬಿಡಿ" ಅಂದರು. ನಾನೂ ಅಂದಿದ್ದೆ. ದೊಡ್ಡಪ್ಪ ಕೇಳಲಿಲ್ಲ. "ಹಾವು ಬಿಲದಲ್ಲಿ ಮಲಗಿದೆ. ಬಾಗಿಲಲ್ಲಿ ನಾನು ಕೂತಿದ್ದೇನಲ್ಲ" ಅಂದರು.

ಈಗ ಆರು ತಿಂಗಳಿಗೊಮ್ಮೆ ಕುಂಬಳೆಯಲ್ಲಿ ರಕ್ತ ಕೊಡುತ್ತಾರೆ. ಲ್ಯಾಬ್ ಬದಲಾದರೆ ಸಂಖ್ಯೆಯೂ ಸ್ವಲ್ಪ ಆಚೀಚೆ ಆಗುತ್ತದೆ, ಹಾಗಾಗಿ ಯಾವಾಗಲೂ ಒಂದೇ ಲ್ಯಾಬು. ರಿಪೋರ್ಟು ಹಿಡಿದು ಬೆಳಗಿನ ಟ್ರೈನಿನಲ್ಲಿ ಮಂಗಳೂರಿಗೆ ಹೋಗುತ್ತೇವೆ. ಹೆಸರು ಕರೆದಾಗ ಅವರು ಒಳಗೆ ಹೋಗುತ್ತಾರೆ, ನಾನು ಹೊರಗೆ ಕೂರುತ್ತೇನೆ.