ಲಾಡಿ ಕೊರೆಯುತ್ತದೆ, ಎಲಾಸ್ಟಿಕ್ ಕಡಿಯುತ್ತದೆ: ಒಳಉಡುಪಿನ ಬಗ್ಗೆ ಮೂರು ಪ್ರಶ್ನೆಗಳು

ಪ್ರಶ್ನೆ: ಡಾಕ್ಟ್ರೇ, ನಾನು ಗದಗ ಹತ್ತಿರದ ಊರಲ್ಲಿ ಟೀಚರ್. ವಯಸ್ಸು 46. ದಿನಾ ಸೀರೆ. ಸೊಂಟದಲ್ಲಿ ಲಾಡಿ ಕೂರುವ ಜಾಗ ಕಪ್ಪಾಗಿ ಒರಟಾಗಿದೆ, ಸಂಜೆ ಆದರೆ ವಿಪರೀತ ತುರಿಕೆ. ಪ್ಯಾಂಟಿ ಎಲಾಸ್ಟಿಕ್ ತೊಡೆಸಂದಿಯಲ್ಲಿ ಕೊರೆಯುತ್ತದೆ, ಬ್ರಾ ಪಟ್ಟಿ ಕೆಳಗೆ ಗುಳ್ಳೆ ಏಳುತ್ತವೆ. ಯಾವಾಗಲೂ ಕಾಟನ್ನೇ ತೊಗೊಳ್ಳುವುದು, ಆದರೂ ಹಿಂಗೆ. ‘ನಿನ್ನ ಮೈಯೇ ನಾಜೂಕು’ ಅಂತ ಮನೆಯಲ್ಲಿ ಅನ್ನುತ್ತಾರೆ. ಏನು ಹಾಕಿಕೊಳ್ಳಲಿ?

ಉತ್ತರ: ಅಕ್ಕಾರೆ, ನಿಮ್ಮ ಮೈಯನ್ನು ಬೈಯಬೇಡಿ. ನೀವು ಬರೆದಿದ್ದನ್ನೇ ಇನ್ನೊಮ್ಮೆ ಓದಿ. ಲಾಡಿ, ತೊಡೆಯ ಎಲಾಸ್ಟಿಕ್, ಬ್ರಾ ಪಟ್ಟಿ. ಮೂರೂ ಕಡೆ ತ್ರಾಸು ಇರುವುದು ಅಂಚಿನಲ್ಲಿ. ಅಂಗಡಿಯಲ್ಲಿ ನಾವೆಲ್ಲ ‘ಕಾಟನ್ ಐತೇನ್ರಿ’ ಅಂತ ಕೇಳಿ ಸುಮ್ಮನಾಗುತ್ತೇವೆ, ಅಂಚು ಹೇಗಿದೆ ಅಂತ ತಿರುಗಿಸಿ ನೋಡುವುದೇ ಇಲ್ಲ.

ಮೊದಲು ಲಾಡಿ. ಇಡೀ ಸೀರೆ, ಅದರ ನೆರಿಗೆ, ಪರಕಾರ (ಸೀರೆಯ ಒಳಲಂಗ), ಎಲ್ಲದರ ಭಾರ ಕಿರುಬೆರಳಿಗಿಂತ ಸಣ್ಣ ಲಾಡಿ ಮೇಲೆ ನಿಂತಿರುತ್ತದೆ. ಸೀರೆ ಜಾರಬಾರದು ಅಂತ ಹೊಟ್ಟೆ ಒಳಗೆಳೆದು ಬಿಗಿಯುತ್ತೀರಿ, ಗಂಟು ದಿನಾ ಅದೇ ಜಾಗಕ್ಕೆ ಬೀಳುತ್ತದೆ, ಮೇಲೆ ಬೆವರು ಬೇರೆ. ವರ್ಷಗಟ್ಟಲೆ ಹೀಗೆ ಉಜ್ಜಿದರೆ ಚರ್ಮ ತನ್ನನ್ನು ಕಾಪಾಡಿಕೊಳ್ಳಲು ದಪ್ಪ ಆಗುತ್ತದೆ, ಕಪ್ಪಾಗುತ್ತದೆ, ತುರಿಸುತ್ತದೆ. ತುರಿಸಿಕೊಂಡಷ್ಟೂ ಇನ್ನೂ ದಪ್ಪ. 2024ರಲ್ಲಿ ವರ್ಧಾ ಮತ್ತು ಬಿಹಾರದ ವೈದ್ಯರು ‘ಬಿಎಂಜೆ ಕೇಸ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಇಬ್ಬರು ವಯಸ್ಸಾದ ಹೆಣ್ಣುಮಕ್ಕಳ ಬಗ್ಗೆ ಬರೆದರು. ಸೊಂಟಕ್ಕೆ ಬಿಗಿಯಾಗಿ ಕಟ್ಟಿ ಕಟ್ಟಿ ಆದ ಹುಣ್ಣು ಮಾಯದೇ ಉಳಿದು, ಕೊನೆಗೆ ಅದು ಚರ್ಮದ ಕ್ಯಾನ್ಸರ್ ಅಂತ ಗೊತ್ತಾಗಿತ್ತು. ತೀರಾ ಅಪರೂಪ ಇದು, ನೀವು ಹೇಳುತ್ತಿರುವ ಕಪ್ಪು ಕಲೆಗೆ ಹೆದರುವ ಕಾರಣ ಇಲ್ಲ. ಆದರೆ ಆ ಜಾಗದಲ್ಲಿ ಮೂರ್ನಾಲ್ಕು ವಾರ ಆದರೂ ಮಾಯದ ಗಾಯ, ಗಂಟು, ರಕ್ತ ಕಂಡರೆ ಮುಲಾಮು ಹಚ್ಚುತ್ತಾ ಕೂರಬೇಡಿ. ಚರ್ಮದ ಡಾಕ್ಟರಿಗೆ ತೋರಿಸಿ.

ಈಗ ಪರಕಾರವನ್ನು ಟೇಲರ್ ಹತ್ತಿರ ಒಯ್ಯಿರಿ. ಲಾಡಿ ತೆಗೆಸಿ, ಎರಡು-ಮೂರು ಇಂಚು ಅಗಲದ ಮೆತ್ತನೆ ಹತ್ತಿ ಪಟ್ಟಿ ಹಾಕಿಸಿ. ಪಕ್ಕಕ್ಕೆ ಹುಕ್ಕು ಇರಲಿ, ಕಾಜಾ ಎರಡು ಸಾಲು ಇರಲಿ, ಮಧ್ಯಾಹ್ನ ಊಟ ಆದ ಮೇಲೆ ಒಂದು ಸಾಲು ಸಡಿಲ ಮಾಡಿಕೊಳ್ಳಬಹುದು. ಭಾರ ಅಗಲಕ್ಕೆ ಹರಡಿದರೆ ಕೊರೆತ ತಾನಾಗಿಯೇ ಕಮ್ಮಿ ಆಗುತ್ತದೆ. ಸೀರೆ ಜಾರುತ್ತದೆ ಅನ್ನುವ ಭಯ ಎಲ್ಲರಿಗೂ ಇರುತ್ತದೆ. ನುಣುಪಾದ ಸ್ಯಾಟಿನ್ ಪರಕಾರದ ಮೇಲೆ ಸಿಂಥೆಟಿಕ್ ಸೀರೆ ಉಟ್ಟರೆ ಜಾರುವುದು ಹೌದು, ಹತ್ತಿ ಪರಕಾರದ ಮೇಲೆ ಅಷ್ಟು ಜಾರುವುದಿಲ್ಲ. ಪಟ್ಟಿ ಹಾಕಿಸುವವರೆಗೆ ಲಾಡಿಯನ್ನು ಒಂದು ದಿನ ಸ್ವಲ್ಪ ಮೇಲೆ, ಒಂದು ದಿನ ಸ್ವಲ್ಪ ಕೆಳಗೆ ಕಟ್ಟಿ, ಗಂಟಿನ ಜಾಗ ಬದಲಿಸಿ. ಚೂಡಿದಾರ್ ಪ್ಯಾಂಟಿನ ಲಾಡಿಗೂ ಇದೇ ಲೆಕ್ಕ.

ಇನ್ನು ಪ್ಯಾಂಟಿ. ನಿಮ್ಮ ಹಳೆಯದೊಂದನ್ನು ಒಳಮೈ ಹೊರಗೆ ಮಾಡಿ, ಬೆಳಕಿಗೆ ಹಿಡಿದು ಎಲಾಸ್ಟಿಕ್ ಎಳೆದು ನೋಡಿ. ಮೇಲಿನ ನೂಲು ಸವೆದ ಕಡೆ ಕೂದಲಿನಷ್ಟು ಸಣ್ಣ ಬಿಳಿ ರಬ್ಬರ್ ಎಳೆಗಳು ತುದಿ ಹೊರಗೆ ಹಾಕಿರುತ್ತವೆ. ದಿನವಿಡೀ ಅವು ಬೆವೆತ ತೊಡೆಸಂದಿಗೆ ಉಜ್ಜುತ್ತವೆ. ರಬ್ಬರ್ ಹದ ಮಾಡಲು ಥೈಯುರಾಮ್, ಕಾರ್ಬಮೇಟ್ ಅಂತ ರಾಸಾಯನಿಕ ಹಾಕಿರುತ್ತಾರೆ, ಕೆಲವರ ಮೈಗೆ ಅವು ಆಗುವುದೇ ಇಲ್ಲ. ಬಿಳಿ ಬಟ್ಟೆ ಜೊತೆ ಒಳಉಡುಪನ್ನೂ ಬ್ಲೀಚ್ ನೀರಲ್ಲಿ ನೆನೆಹಾಕುವ ರೂಢಿ ಹಲವು ಮನೆಗಳಲ್ಲಿದೆ. ದಯವಿಟ್ಟು ಅದನ್ನು ನಿಲ್ಲಿಸಿ. ರಬ್ಬರಿನ ರಾಸಾಯನಿಕದ ಜೊತೆ ಬ್ಲೀಚ್ ಸೇರಿ ಅಲರ್ಜಿ ತರುವ ಹೊಸ ವಸ್ತುವೇ ಹುಟ್ಟಬಹುದು, ಎಷ್ಟು ತೊಳೆದರೂ ಸುಲಭಕ್ಕೆ ಹೋಗುವುದಿಲ್ಲ. ತುರಿಕೆ ಎಲಾಸ್ಟಿಕ್ ಪಟ್ಟಿಯ ಅಳತೆಗೇ ಗೆರೆ ಎಳೆದಂತೆ ಇದ್ದರೆ ಈ ಅಲರ್ಜಿ ಅಂತ ಅನುಮಾನ ಪಡಬೇಕು. ಚರ್ಮದ ಡಾಕ್ಟರು ಬೆನ್ನಿಗೆ ಪಟ್ಟಿ ಅಂಟಿಸಿ ನೋಡುವ ಪ್ಯಾಚ್ ಟೆಸ್ಟ್ ಮಾಡಿದರೆ ಗೊತ್ತಾಗುತ್ತದೆ.

ಅಂಗಡಿಯಲ್ಲಿ ‘ಇನ್ನರ್ ಎಲಾಸ್ಟಿಕ್’ ಕೊಡಿ ಅಂತ ಕೇಳಿ. ಅದರಲ್ಲಿ ಎಲಾಸ್ಟಿಕ್ ಬಟ್ಟೆಯ ಮಡಿಕೆ ಒಳಗಿರುತ್ತದೆ, ಮೈಗೆ ತಾಗುವುದು ಹತ್ತಿ ಮಾತ್ರ. ‘ಔಟರ್ ಎಲಾಸ್ಟಿಕ್’ ನೋಡಲು ಚೆಂದ, ನಿಮಗೆ ಬೇಡ. ತೊಡೆಸಂದಿಯಲ್ಲೇ ಕೊನೆಯಾಗುವುದಕ್ಕಿಂತ ತೊಡೆ ಮೇಲೆ ಸ್ವಲ್ಪ ಇಳಿಯುವ ಬಾಯ್‌ಶಾರ್ಟ್ ನಿಮಗೆ ಹಿತ. ಹತ್ತಿಯಲ್ಲೂ ಹೆಚ್ಚು ಕಮ್ಮಿ ಇದೆ. ಎಳೆ ಉದ್ದ ಇದ್ದಷ್ಟೂ ನೂಲಿನಿಂದ ಹೊರಚಾಚುವ ತುದಿಗಳು ಕಮ್ಮಿ, ಚುಚ್ಚುವುದೂ ಕಮ್ಮಿ. ನಮ್ಮ ಧಾರವಾಡದಲ್ಲೇ ಅಭಿವೃದ್ಧಿ ಮಾಡಿದ ಡಿಸಿಎಚ್-32 ತಳಿ ಅಂಥ ಉದ್ದ ಎಳೆಯ ಹತ್ತಿ. ಪ್ಯಾಕೆಟ್ ಮೇಲೆ ತಳಿಯ ಹೆಸರು ಬರೆದಿರುವುದಿಲ್ಲ, ‘ಕೂಂಬ್ಡ್ ಕಾಟನ್’ ಅಂತ ಇದ್ದರೆ ಗಿಡ್ಡ ಎಳೆ ಬಾಚಿ ತೆಗೆದಿದ್ದಾರೆ ಅಂತ ಅರ್ಥ. ನೂರಕ್ಕೆ ಐದು ಭಾಗ ಎಲಾಸ್ಟೇನ್ (ಹಿಗ್ಗುವ ನೂಲು) ಸೇರಿದ್ದರೂ ಪರವಾಗಿಲ್ಲ.

ಸೈಜ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನನ್ನ ಹತ್ತಿರ ಬರುವ ಹೆಣ್ಣುಮಕ್ಕಳಲ್ಲಿ ಜಾಸ್ತಿ ಮಂದಿ ಮದುವೆಯಾದಾಗಿನ ಸೈಜನ್ನೇ ಇನ್ನೂ ಹಾಕುತ್ತಿರುತ್ತಾರೆ. ಕೌಂಟರಿನಲ್ಲಿ ಗಂಡಸರು ನಿಂತಿರುತ್ತಾರೆ, ಪಕ್ಕದಲ್ಲಿ ಗುರುತಿನವರು ಯಾರೋ ಇರುತ್ತಾರೆ, ನಾಚಿಕೆಗೆ ಅವಸರದಲ್ಲಿ ಒಂದು ಪ್ಯಾಕೆಟ್ ಎತ್ತಿಕೊಂಡು ಬಂದುಬಿಡುವುದು. ಮನೆಯಲ್ಲೇ ಟೇಪ್ ಹಿಡಿದು ಅಳೆದುಕೊಳ್ಳಿ, ಸೆಂಟಿಮೀಟರಿನಲ್ಲಿ. ಹೊಟ್ಟೆ ತುಂಬ ಉಂಡು, ಕುರ್ಚಿ ಮೇಲೆ ಕೂತು ಅಳೆಯಿರಿ, ಕೂತಾಗ ಸೊಂಟ ಅಗಲ ಆಗುತ್ತದೆ. ಪ್ಯಾಕೆಟ್ ಮೇಲಿನ 85, 90, 95 ಅಂದರೆ ಸೆಂಟಿಮೀಟರೇ. ಎರಡು ಸೈಜ್ ನಡುವೆ ಬಂದರೆ ದೊಡ್ಡದು ತೊಗೊಳ್ಳಿ. ಅಳತೆ ಚೀಟಿ ಬರೆದುಕೊಂಡು ಹೋಗಿ ಕೌಂಟರಿನಲ್ಲಿ ಕೊಟ್ಟರೆ ಬಾಯಿ ಬಿಟ್ಟು ಹೇಳುವ ಪ್ರಸಂಗವೇ ಇಲ್ಲ. ಹುಬ್ಬಳ್ಳಿಗೆ ಬಂದಾಗ ದುರ್ಗದ ಬೈಲ್, ಕೊಪ್ಪಿಕರ ರಸ್ತೆ ಕಡೆ ಹೆಣ್ಣುಮಕ್ಕಳೇ ಕೌಂಟರಿನಲ್ಲಿರುವ ಅಂಗಡಿ ಹುಡುಕಿ, ಮೊದಲು ಒಂದೇ ತೊಗೊಂಡು ಹಾಕಿ ನೋಡಿ. ಮೂರರ ಪ್ಯಾಕೆಟ್ ಆಮೇಲೆ.

ಬ್ರಾ 34ಸಿ ಬಿಗಿ ಆಗುತ್ತಿದ್ದರೆ 36ಬಿ ನೋಡಿ. ಪಟ್ಟಿ ಸಡಿಲ ಆಗುತ್ತದೆ, ಕಪ್ ಅಷ್ಟೇ ಇರುತ್ತದೆ. ಪಟ್ಟಿ ಕೆಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಇದ್ದ ಬ್ರಾಗಳನ್ನು ಬಿಸಾಡುವುದು ಬೇಡ, ಹಿಂದೆ ಸಿಕ್ಕಿಸುವ ಎಕ್ಸ್‌ಟೆಂಡರ್ ಹುಕ್ಕು ಲೇಡೀಸ್ ಸ್ಟೋರಿನಲ್ಲಿ ಸಿಗುತ್ತದೆ. ಬಿಚ್ಚಿದ ಮೇಲೆ ಅರ್ಧ ತಾಸಿನಲ್ಲಿ ಗುರುತು ಹೋದರೆ ಸರಿ. ರಾತ್ರಿ ಮಲಗುವವರೆಗೂ ಉಳಿದರೆ ಅದು ಬಿಗಿಯೇ.

ಮಳೆಗಾಲದಲ್ಲಿ ಅರೆಹಸಿ ಚಡ್ಡಿ ಹಾಕಿಕೊಳ್ಳಬೇಡಿ, ಅಂಚಿಗೆ ಇಸ್ತ್ರಿ ಆಡಿಸಿ ಒಣಗಿಸಿ. ತುರಿಕೆ ಉಂಗುರದ ಆಕಾರದಲ್ಲಿ ಹರಡುತ್ತಿದ್ದರೆ ಅದು ಗಜಕರ್ಣ ಇರಬಹುದು. ಮೆಡಿಕಲ್ ಶಾಪಿನವರು ಕೊಡುವ ಸ್ಟೆರಾಯ್ಡ್ ಬೆರೆತ ಕ್ರೀಮ್ ಮಾತ್ರ ಹಚ್ಚಬೇಡಿ. ಎರಡು ದಿನ ಆರಾಮ ಅನ್ನಿಸುತ್ತದೆ, ಆಮೇಲೆ ಇನ್ನೂ ಅಗಲ ಹಬ್ಬುತ್ತದೆ.

ಪ್ರಶ್ನೆ: ಹಾವೇರಿಯಿಂದ ಬರೆಯುತ್ತಿದ್ದೇನೆ. ನಮ್ಮ ಅಪ್ಪಾಜಿಗೆ 71, ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ಸಂಜೆ ಕಾಲು ಬಾಯುತ್ತವೆ, ಸಾಕ್ಸ್ ತೆಗೆದರೆ ಆಳವಾದ ಗೆರೆ. ಬಿಗಿ ಇರುವ ‘ವೇರಿಕೋಸ್ ಸಾಕ್ಸ್’ ಹಾಕಿಸಿ ಅಂತ ಒಬ್ಬರು, ಸಡಿಲ ಹಾಕಿಸಿ ಅಂತ ಇನ್ನೊಬ್ಬರು. ಯಾವುದು ಸರಿ?

ಉತ್ತರ: ತಮ್ಮಾ, ಅವೆರಡೂ ಬೇರೆ ಬೇರೆ ಸಾಮಾನು. ಮಾಮೂಲಿ ಸಾಕ್ಸ್ ಮೇಲಿನ ಅಂಚಿನಲ್ಲಿ ಮಾತ್ರ ಹಿಡಿಯುತ್ತದೆ. ವೇರಿಕೋಸ್ ಸ್ಟಾಕಿಂಗ್, ಅಂದರೆ ಕಾಲಿನ ರಕ್ತನಾಳ ಉಬ್ಬಿದವರಿಗೆ ಕೊಡುವ ಉದ್ದ ಸಾಕ್ಸ್, ಪಾದದ ಗಂಟಿನ ಹತ್ತಿರ ಜಾಸ್ತಿ ಬಿಗಿ, ಮೇಲೆ ಹೋದಂತೆ ಕಮ್ಮಿ, ಹಾಗೆ ಲೆಕ್ಕ ಹಾಕಿ ಹೆಣೆದಿರುತ್ತಾರೆ. ಸಕ್ಕರೆ ಇದ್ದವರಿಗೆ ಕಾಲಿನ ರಕ್ತನಾಳ ಕಿರಿದಾಗಿರಬಹುದು, ಅಂಥ ಕಾಲಿಗೆ ಸ್ಟಾಕಿಂಗ್ ಹಾಕಿದರೆ ಇರುವ ರಕ್ತವೂ ಸರಿಯಾಗಿ ಹೋಗುವುದಿಲ್ಲ. ಆದ್ದರಿಂದ ಡಾಕ್ಟರು ಕಾಲಿನ ನಾಡಿ ನೋಡದೆ ತರಬೇಡಿ. ಅವರೇ ಬರೆದುಕೊಟ್ಟಿದ್ದರೆ ನೀವಾಗಿ ನಿಲ್ಲಿಸಬೇಡಿ. ಉದ್ದ ಜಾಸ್ತಿ ಆಯಿತು ಅಂತ ಮೇಲಿನ ಅಂಚು ಮಡಚಬೇಡಿ, ಮಡಚಿದ ಕಡೆ ಒತ್ತಡ ಹೆಚ್ಚಾಗುತ್ತದೆ.

ದಿನಬಳಕೆಗೆ ಡಯಾಬಿಟಿಕ್ ಸಾಕ್ಸ್ ಸಿಗುತ್ತವೆ. ಬಾಯಿ ಅಗಲ, ಬೆರಳಿನ ಹತ್ತಿರ ಹೊಲಿಗೆ ಚಪ್ಪಟೆ. ಬಿಳಿ ಅಥವಾ ತಿಳಿ ಬಣ್ಣವನ್ನೇ ತೊಗೊಳ್ಳಿ. ಅಪ್ಪಾಜಿಗೆ ಪಾದ ಜೋಮು ಹಿಡಿದಿದ್ದರೆ ಗಾಯ ಆದದ್ದು ಗೊತ್ತಾಗುವುದಿಲ್ಲ, ಬಟ್ಟೆ ಮೇಲಿನ ರಕ್ತ, ಕೀವಿನ ಕಲೆ ಮೊದಲು ನಿಮ್ಮ ಕಣ್ಣಿಗೆ ಬೀಳಬೇಕು. ಡಯಾಬಿಟಿಕ್ ಸಾಕ್ಸ್ ಸಿಗದಿದ್ದರೆ ಇದ್ದ ಸಾಕ್ಸನ್ನೇ ಒಳಮೈ ಹೊರಗೆ ಮಾಡಿ ಹಾಕಿ. ಎರಡೂ ಕಾಲು ಬಾಯುವುದಕ್ಕೆ ಹೃದಯ, ಕಿಡ್ನಿ, ಕೆಲವೊಮ್ಮೆ ಅಮ್ಲೋಡಿಪಿನ್‌ನಂಥ ಬಿಪಿ ಮಾತ್ರೆಯೂ ಕಾರಣ, ತಪಾಸಣೆ ಮಾಡಿಸಿ. ಒಂದೇ ಕಾಲು ದಿಢೀರ್ ಅಂತ ಬಾತು ನೋವು ಬಂದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ಧಾರವಾಡ. ಮಗಳಿಗೆ ಏಳು ವರ್ಷ. ನಿಕ್ಕರ್, ಯೂನಿಫಾರ್ಮ್ ಸಾಕ್ಸ್ ಹಾಕುವಾಗ ದಿನಾ ಅಳು. ‘ಚುಚ್ಚುತ್ತೆ’ ಅಂತ ಕಿತ್ತು ಒಗೆಯುತ್ತಾಳೆ. ಮೈ ಮೇಲೆ ಏನೂ ಗುಳ್ಳೆ ಇಲ್ಲ. ಅತ್ತೆಯವರು ಹಠ ಅನ್ನುತ್ತಾರೆ.

ಉತ್ತರ: ತಂಗಿ, ಮಗು ಚುಚ್ಚುತ್ತದೆ ಅಂದರೆ ಅವಳಿಗೆ ಚುಚ್ಚುತ್ತಿದೆ. ಕೆಲವು ಮಕ್ಕಳಿಗೆ ಸ್ಪರ್ಶ ನಮಗಿಂತ ಜಾಸ್ತಿ ತಿಳಿಯುತ್ತದೆ, ಗುಳ್ಳೆ ಏಳಲೇಬೇಕು ಅಂತ ಇಲ್ಲ. ಅತ್ತೆಯವರಿಗೂ ಇದನ್ನು ಓದಿ ಹೇಳಿ.

ಲೇಬಲ್ ಕತ್ತರಿಯಿಂದ ಕತ್ತರಿಸಿದರೆ ಬುಡದಲ್ಲಿ ಮೋಟು ಉಳಿದು ಇನ್ನೂ ಚುಚ್ಚುತ್ತದೆ. ಸೂಜಿಯಿಂದ ಹೊಲಿಗೆ ಬಿಚ್ಚಿ ಪೂರ್ತಿ ತೆಗೆಯಿರಿ. ಲೇಬಲ್ ಬದಲು ಬಟ್ಟೆ ಮೇಲೇ ಸೈಜ್ ಛಾಪಿಸಿದ ನಿಕ್ಕರ್ ಸಿಗುತ್ತವೆ. ಹೊಸದನ್ನು ಎರಡು ಮೂರು ಸಲ ಒಗೆದೇ ಹಾಕಿ. ನಿಕ್ಕರ್, ಸಾಕ್ಸ್ ಎರಡನ್ನೂ ಹೊಲಿಗೆ ಹೊರಗೆ ಬರುವಂತೆ ತಿರುಗಿಸಿ ಹಾಕಿದರೆ ಯಾರಿಗೂ ಕಾಣುವುದಿಲ್ಲ. ಅಂಗಡಿಗೆ ಅವಳನ್ನೂ ಕರೆದುಕೊಂಡು ಹೋಗಿ, ಅಂಚನ್ನು ಕೆನ್ನೆಗೆ ಉಜ್ಜಿ ನೋಡಲಿ. ಒಪ್ಪಿದ್ದು ಸಿಕ್ಕಿದರೆ ಅದೇ ಜಾತಿಯದು ನಾಲ್ಕೈದು, ಮುಂದಿನ ಸೈಜಿನಲ್ಲೂ ಎರಡು ತೆಗೆದಿಡಿ.

ಬಟ್ಟೆ ಜೊತೆ ಶಬ್ದ, ಊಟದ ಕೆಲವು ಪದಾರ್ಥ, ಕೂದಲು ಬಾಚುವುದು, ಉಗುರು ತೆಗೆಯುವುದು ಇವಕ್ಕೂ ಅಷ್ಟೇ ತ್ರಾಸು ಪಡುತ್ತಿದ್ದರೆ ಮಕ್ಕಳ ಡಾಕ್ಟರ ಹತ್ತಿರ ಮಾತಾಡಿ. ನಿಮ್ಮೂರಲ್ಲೇ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನದ ಸಂಸ್ಥೆ ಡಿಮ್ಹಾನ್ಸ್ ಇದೆ, ಅಲ್ಲೂ ವಿಚಾರಿಸಬಹುದು. ಅಲ್ಲಿಯವರೆಗೆ ಕ್ಲಾಸ್ ಟೀಚರಿಗೆ ಒಂದು ಚೀಟಿ ಬರೆದು ಕಳಿಸಿ: ಯೂನಿಫಾರ್ಮ್ ಬಣ್ಣದ್ದೇ ಹತ್ತಿ ಸಾಕ್ಸ್ ಹಾಕಿರುತ್ತಾಳೆ, ತಿರುಗಿಸಿ ಹಾಕಿರುತ್ತಾಳೆ, ದಯವಿಟ್ಟು ಬಿಚ್ಚಿಸಿ ಸರಿ ಮಾಡಿಸಬೇಡಿ ಅಂತ.